ಮೂರನೇ ಮನೆಯ ಬಿಳಿ ಸೇವಂತಿಗೆ

ಗೆಳೆಯ ಇಸಾಮು,

ಕ್ಷೇಮ ವಿಚಾರಿಸೋಣವೆಂದರೆ ನೀನಿರುವ ಕಡೆಯಿಂದ ಉತ್ತರ ಬರುವ ಏರ್ಪಾಡಿಲ್ಲ. ಹಾಗಾಗಿ ನೇರವಾಗಿ ವ್ಯಾಪಾರದ ಮಾತಿಗೇ ಬರುತ್ತೇನೆ. ನಮ್ಮ ತೋಟ ಹೋಯಿತು. ಗಾಜಿನ ಮನೆಗಳೆಲ್ಲ ಗಾಂಜಾ ಬೆಳೆಯುವ ಕಂಪನಿಗೆ, ಈಗ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. ರಸ್ತೆ ಕಡೆಯ ಜಾಗ, ಅಂದರೆ ಹೂ ಕಟ್ಟುವ ಶೆಡ್ಡು, ಲಾರಿ ನಿಲ್ಲುತ್ತಿದ್ದ ಅಂಗಳ, ನಿಮ್ಮಪ್ಪ ನೆಟ್ಟ ಪರ್ಸಿಮನ್ ಹಣ್ಣಿನ ಮರ, ಅಷ್ಟೂ ಹೋಟೆಲಿಗೆ ಮತ್ತು ಅಂಗಡಿ ಸಾಲಿಗೆ. ಸಾನ್ ತೆಲ್ಮೋ ನಗರಸಭೆ ಎರಡನ್ನೂ ಒಂದೇ ಕಂತೆಯಾಗಿ ಕಟ್ಟಿ ಒಪ್ಪಿಗೆ ಕೊಟ್ಟಿತು. ಚೆನ್ನಾಗಿರುವುದನ್ನು ಹೊರಗೆ ಕಾಣಿಸಿ, ಬಾಡಿದ್ದನ್ನು ನಡುವೆ ಸೇರಿಸಿ ಕಂತೆ ಕಟ್ಟುವುದನ್ನು ಈ ಊರಿಗೆ ಕಲಿಸಿದವರು ನಾವೇ ಇರಬೇಕು.

ಮಾರಬೇಡಿ ಎನ್ನಲು ನನಗೆ ಬಾಯಿರಲಿಲ್ಲ. ನಿನ್ನ ಪಾಲನ್ನು ನಿನ್ನ ತಂಗಿಯ ಮಕ್ಕಳು ಮಾರಿದ ಮೇಲೆ ನನ್ನ ಪಾಲೊಂದೇ ಇಟ್ಟುಕೊಳ್ಳುವುದು ಅರ್ಧ ಕತ್ತರಿ ಇಟ್ಟುಕೊಂಡ ಹಾಗೆ. ಗಾಜಿನ ಮನೆ ಬೆಚ್ಚಗಿಡುವ ಗ್ಯಾಸಿಗಿಂತ ಕೊಲಂಬಿಯಾದಿಂದ ವಿಮಾನ ಹತ್ತಿ ಬರುವ ಹೂವೇ ಅಗ್ಗ ಎಂಬುದು ನಿನಗೂ ಗೊತ್ತಿತ್ತು. ಸಹಿ ಹಾಕಿದೆ. ಕಣ್ಣೊದ್ದೆಯಾಗಲಿಲ್ಲ. ಕಬ್ಬಿಣದ ಎದೆ ಎಂದು ಜನ ಅಂದುಕೊಂಡರು, ಅನ್ನಲಿ, ವ್ಯಾಪಾರಿಗೆ ಆ ಹೆಸರಿದ್ದರೆ ಒಳ್ಳೆಯದೇ.

ನನ್ನನ್ನು ಕಾಡಿದ್ದು ಬೇರೆ. ಆಸ್ಪತ್ರೆಯಲ್ಲಿ ನೀನು ಮೂಗಿನ ನಳಿಕೆ ಸರಿಸಿ ಹೇಳಿದ್ದು: "ಲೇ ರುಫಿನೋ, ಮೂರನೇ ಗಾಜಿನ ಮನೆಯ ನನ್ನ ಬಿಳಿ ಸೇವಂತಿಗೆಗೆ ಈ ಸಲ ಪರದೆ ಎಳೀಬೇಡ ಕಣೋ. ಅದಕ್ಕೆ ಬೇಕು ಅನ್ನಿಸಿದಾಗ ಅರಳಲಿ. ಚಳಿ ತಗುಲಿದ್ರೆ ಎಸಳಿನ ಅಂಚು ಗುಲಾಬಿ ತಿರುಗುತ್ತೋ ಏನೋ, ಸಾಕಿದ ನಾನೇ ನೋಡಿಲ್ಲ. ನೀನಾದ್ರೂ ನೋಡಿ ನಂಗೆ ಹೇಳು." ಆಗಲಿ ಎಂದೆ. ನೀನು ನಂಬದವನ ಹಾಗೆ ನನ್ನ ಮುಖ ನೋಡಿದೆ. ಆಗಲಿ ಎಂದು ಎಷ್ಟು ಜನ ಗಿರಾಕಿಗಳಿಗೆ ಹೇಳಿದ್ದೇನೆಂದು ನಿನಗೆ ಗೊತ್ತಲ್ಲ.

ಎಂಥ ಬದುಕು ನಮ್ಮದು! ಹಗಲು ಕುಗ್ಗಿ ಕತ್ತಲು ಹಿಗ್ಗಿದರೆ ಮಾತ್ರ ಸೇವಂತಿಗೆ ಮೊಗ್ಗು ಹಿಡಿಯುತ್ತದೆ. ಬೇಸಿಗೆಯ ಮದುವೆಗಳಿಗೆ, ಯಾವಾಗ ಬೇಕಾದರೂ ಬರುವ ಸಾವುಗಳಿಗೆ ಹೂ ಬೇಕಲ್ಲ, ಅದಕ್ಕೆ ಬಿಸಿಲು ಚುರುಗುಟ್ಟುವಾಗಲೇ ನಾವಿಬ್ಬರೂ ಕರಿಪರದೆಯ ಒಂದೊಂದು ತುದಿ ಹಿಡಿದು ಸಾಲುದ್ದಕ್ಕೂ ಓಡುತ್ತಿದ್ದೆವು. ಒಳಗೆ ಗಿಡಗಳು ವರ್ಷ ಮುಗಿಯಿತೆಂದು ನಂಬಿ ಅರಳುತ್ತಿದ್ದವು. ನಿಜವಾಗಿ ವರ್ಷ ಮುಗಿಯುವ ಹೊತ್ತಿಗೆ ಅವನ್ನು ಕಿತ್ತು, ಗಿಡ ಬೆಳೆಸುವ ಅದೇ ಬೆಂಚಿನ ಮೇಲೆ ಕ್ರಿಸ್ಮಸ್ಸಿನ ಕೆಂಪೆಲೆ ಗಿಡ ಜೋಡಿಸುವುದು. ನೀನು ಹುಟ್ಟಿಸಿದ ಆ ತಳಿಗೆ ನವೆಂಬರ್ ಹೇಗಿರುತ್ತದೆಂದೇ ತಿಳಿಯದೆ ಹೋಯಿತು.

ಕಂಪನಿಯ ಮ್ಯಾನೇಜರು ಬ್ರೆಟ್ ಎಂಬ ಹುಡುಗ ತೋಟ ನೋಡಲು ಬಂದ. ಒಳ್ಳೆಯವನೇ, ಷೂ ಮಾತ್ರ ತೀರಾ ಬಿಳಿ. ಪರದೆಯನ್ನು ಮುಟ್ಟಿ ಮುಟ್ಟಿ ನೋಡಿ ಹೇಳಿದ: "ಸರ್, ನಾವು ಈ ತೋಟ ಹಿಡಿದಿದ್ದೇ ಇದಕ್ಕೋಸ್ಕರ. ನಮ್ಮ ಗಿಡಾನೂ ನಿಮ್ಮ ಸೇವಂತಿಗೆ ಹಾಗೇನೇ, ಕತ್ತಲು ಜಾಸ್ತಿ ಕೊಟ್ರೇನೇ ಹೂ ಕಟ್ಟೋದು." ನಮ್ಮ ಮೇಸ್ತ್ರಿ ಚಾಯೋ ಪಕ್ಕದಲ್ಲೇ ಇದ್ದಳು. ಅವಳ ನಾಲಿಗೆ ನಿನಗೆ ಗೊತ್ತಲ್ಲ. "ನಮ್ಮಜ್ಜಿ ಈ ಸೊಪ್ಪನ್ನ ಸಾರಾಯೀಲಿ ನೆನೆಸಿ ಮಂಡಿಗೆ ತಿಕ್ಕೋಳು ಯಜಮಾನ್ರೇ. ಹಿತ್ತಲಲ್ಲಿ ಕೋಳಿ ತುಳ್ಕೊಂಡು ಓಡಾಡ್ತಿದ್ವು. ಈಗ ಅದಕ್ಕೆ ಬಂದೂಕು ಹಿಡಿದೋನು ಕಾವಲಂತೆ! ಇಷ್ಟು ವರ್ಷ ನನ್ನ ಕಾವಲಿಗೆ ಯಾರಿದ್ರು?" ಬ್ರೆಟ್ ನಕ್ಕ. ಅವಳನ್ನು ಕೆಲಸಕ್ಕೂ ಇಟ್ಟುಕೊಂಡ.

ಒಪ್ಪಿಗೆಯ ಸಭೆ ನಡೆದ ಸಂಜೆ ನಗರಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾಸನೆ ಎಂದರು ಕೆಲವರು, ತೆರಿಗೆ ಎಂದರು ಕೆಲವರು. ನನ್ನ ಸರದಿ ಬಂದಾಗ ಪಾಸ್ಟರು ಎಲ್ಲರಿಗೂ ಕೇಳುವ ಹಾಗೆ ಗೊಣಗಿದರು: "ಸತ್ತೋರಿಗೆ ಹೂ ಮಾರಿ ಸಾಕಾಯ್ತು, ಇನ್ನು ಬದುಕಿರೋರಿಗೆ ಹೊಗೆ." ನಾನು ತಿರುಗಿ, "ಈಸ್ಟರ್ ಲಿಲ್ಲಿಗೆ ನೀವು ಮಾಡ್ತಿದ್ದ ಚೌಕಾಸೀನ ದೇವರೂ ಮರೆತಿಲ್ಲ ಪಾಸ್ಟರೇ" ಎಂದೆ. ಸಭೆ ನಕ್ಕಿತು. ನಗಿಸಿದವನಿಗೆ ಕೇಳಿದ್ದು ಸಿಗುತ್ತದೆ ಎಂಬುದು ನನ್ನ ಹಳೆಯ ಅನುಭವ. ಧೈರ್ಯವಾಗಿ ಕೇಳಿದೆ: ಎಲ್ಲ ತೆಗೆದುಕೊಳ್ಳಿ, ಮೂರನೇ ಮನೆಯನ್ನು ಮಾತ್ರ ನವೆಂಬರ್ ಮುಗಿಯುವವರೆಗೆ ಬಿಡಿ, ಅಲ್ಲಿ ಅರಳಬೇಕಾದದ್ದು ಇದೆ.

ಅಧ್ಯಕ್ಷೆ ಬೆಟೆನ್‌ಕೋರ್ಟ್ ಅಮ್ಮ ಕನ್ನಡಕ ತೆಗೆದರು. "ಆ ಹೂವಿನ ಬೆಲೆ ಎಷ್ಟಾಗುತ್ತೆ ರುಫಿನೋ? ಕಂಪನಿಯೋರಿಂದ ಪರಿಹಾರ ಕೊಡ್ಸೋಣ." ಇಸಾಮು, ಈ ಕರಾವಳಿಯಲ್ಲಿ ಯಾವ ಹೂವಿನ ಬೆಲೆಯನ್ನೂ ನಾನು ನಿದ್ದೆಗಣ್ಣಲ್ಲಿ ಹೇಳಬಲ್ಲೆ. ಅವತ್ತು ಮಾತ್ರ, "ಬೆಲೆ ಏನಿಲ್ಲಮ್ಮ" ಎಂದೆ. "ಹಾಗಾದ್ರೆ ನಷ್ಟಾನೂ ಏನಿಲ್ಲ ಅಂತಾಯ್ತಲ್ಲ," ಎಂದರು, ಮೃದುವಾಗಿಯೇ. ಮಾತಿನ ಅವಧಿ ಮುಗಿದ ಕೆಂಪು ದೀಪ ಹೊತ್ತಿಕೊಂಡಿತು. ನಾನು ಬಂದು ಕೂತೆ. ಸದಸ್ಯರೆಲ್ಲರೂ ಕಂಪನಿಯ ಪರ ಕೈ ಎತ್ತಿದರು. ಸೆಪ್ಟೆಂಬರಿಗೆ ಮೊದಲು ಖಾಲಿ ಮಾಡಬೇಕೆಂದಾಯಿತು.

ಸೋತು ಗೊತ್ತಿಲ್ಲದವನು ನಾನು. ಮೂರನೇ ಮನೆಯ ಬೆಂಚಿನಲ್ಲಿ ಗಟ್ಟಿಯಾಗಿದ್ದ ನಿನ್ನ ಗಿಡಗಳನ್ನು ಕುಂಡಗಳಿಗೆ ಎಬ್ಬಿಸಿ, ಬೇಲಿಯಾಚೆ ಚಾಯೋ ಬಾಡಿಗೆಗಿರುವ ಗುಡಿಸಿಲಿನ ಅಂಗಳಕ್ಕೆ ದಾಟಿಸಿದೆ. ನನ್ನ ಕೋಣೆ ಮಾಳಿಗೆಯ ಮೇಲೆ, ಕಿಟಕಿಯೆದುರೇ ಬೀದಿದೀಪ, ಅಲ್ಲಿ ಆಗುತ್ತಿರಲಿಲ್ಲ. ನಗರಸಭೆಗೇ ಟೋಪಿ ಹಾಕಿದೆನೆಂದು ಬೀಗಿದೆ. ಬೀಗುವುದು ಮುಗಿಯುವ ಮೊದಲೇ ಕಂಪನಿಯವರು ಬೇಲಿಗುಂಟ ಕಂಬ ನೆಟ್ಟರು. ಗಾಂಜಾ ಇರುವ ಕಡೆ ಇರುಳೆಲ್ಲ ಕಾವಲು ದೀಪ ಉರಿಯಬೇಕಂತೆ, ಕಾನೂನು. ಚಾಯೋ ಅಂಗಳದಲ್ಲಿ ಯಾವ ಹೊತ್ತಿನಲ್ಲೂ ಸೂಜಿಗೆ ದಾರ ಪೋಣಿಸಬಹುದಿತ್ತು. ನಿನ್ನ ಸೇವಂತಿಗೆ ಬೇಸಿಗೆ ಇನ್ನೂ ಮುಗಿದಿಲ್ಲವೆಂದುಕೊಂಡು ಬರೀ ಎಲೆ ಬಿಡುತ್ತಾ ಹೋಯಿತು. ಒಂದು ಮೊಗ್ಗಿಲ್ಲ.

ಬ್ರೆಟ್ ಹತ್ತಿರ ಹೋದೆ. "ದೀಪ ಆರಿಸೋ ಹಾಗಿಲ್ಲ ಸರ್. ಒಳಗೆ ನಮಗೇನೂ ತೊಂದ್ರೆ ಇಲ್ಲ, ನಿಮ್ಮ ಪರದೆ ಇದೆಯಲ್ಲ" ಎಂದ. ಅವನು ಕುಹಕವಾಡಲಿಲ್ಲ, ಇದ್ದದ್ದು ಹೇಳಿದ. ಗುಜರಿಗೆ ಎಸೆದ ರಾಶಿಯಲ್ಲಿ ನಮ್ಮ ಹಳೆಯ ಪರದೆಯ ತುಂಡೊಂದಿತ್ತು. ನೀನು ಮೀನಿನ ಬಲೆಯ ದಾರದಲ್ಲಿ ತೇಪೆ ಹಾಕಿದ್ದೆಯಲ್ಲ, ಅದೇ. ಅದನ್ನು ಕೊಡಪ್ಪಾ ಎಂದೆ. ಕೊಟ್ಟ.

ಹಾಗಾಗಿ ಪರದೆ ಎಳೆಯಬೇಡ ಎಂದ ನಿನ್ನ ಮಾತು ನಡೆಯಲಿಲ್ಲ. ದಿನವೂ ಎಳೆದೆ. ಒಂದು ತುದಿ ಚಾಯೋ, ಇನ್ನೊಂದು ತುದಿ ನಾನು. ಆದರೆ ನಮ್ಮ ಗಡಿಯಾರದ ಹೊತ್ತಿಗೆ ಎಳೆಯಲಿಲ್ಲ. ಸೂರ್ಯ ಪೂರ್ತಿ ಮುಳುಗಿದ ಮೇಲೆ ಹೊದಿಸಿದೆವು, ಬೆಳಕು ಹರಿಯುವಾಗ ತೆಗೆದೆವು. "ಕೊಕ್ಕರೆ ಹಾಗೆ ನಿಂತಿರ್ತೀರಲ್ಲ ಯಜಮಾನ್ರೇ, ಚಳಿ ಕೊರೀತಿದೆ, ಎಳೆದುಬಿಡೋಣ ಬನ್ನಿ" ಎನ್ನುತ್ತಿದ್ದಳು. "ಇದಕ್ಕೆ ಹೇಳಿದ ಸುಳ್ಳು ಸಾಕು ಕಣೇ, ತಡಿ" ಎನ್ನುತ್ತಿದ್ದೆ. ಸಮುದ್ರದ ಮಂಜು ಕವಿದು ಸೂರ್ಯ ಕಾಣದ ದಿನ ಅವಳ ಕೋಳಿಗಳು ಗೂಡು ಹತ್ತುವುದನ್ನು ಕಾದೆವು.

ನವೆಂಬರ್ ಮೊದಲಲ್ಲಿ ಬರುವ ಸತ್ತವರ ಹಬ್ಬಕ್ಕೆ ಚಾಯೋ ತನ್ನಮ್ಮನ ಪಟದ ಪಕ್ಕ ನಿನ್ನದನ್ನೂ ಇಟ್ಟು ಚೆಂಡುಹೂ ಹಾಕಿದಳು. ಆಗ ನಿನ್ನ ಸೇವಂತಿಗೆ ಇನ್ನೂ ಬಟಾಣಿಯಷ್ಟು ಮೊಗ್ಗು. ನನಗೆ ಅವಸರ, ಅದಕ್ಕಿಲ್ಲ. ಆಮೇಲೆ, ಚಳಿ ಬಲಿತ ಮೇಲೆ, ಅರಳಿತು. ಎಷ್ಟೋ ಕುಂಡ ಸತ್ತಿದ್ದವು. ಉಳಿದವುಗಳ ಕಾಂಡ ಸೊಟ್ಟ, ಹೂ ಸಣ್ಣದು. ಸ್ಯಾನ್‌ಫ್ರಾನ್ಸಿಸ್ಕೋ ಮಾರುಕಟ್ಟೆಗೆ ಒಯ್ದಿದ್ದರೆ ನಾನೇ ತೆಗೆದು ಕಸಕ್ಕೆ ಹಾಕುತ್ತಿದ್ದೆ.

ಮುಂದಿನ ವರ್ಷಕ್ಕೆ ಇದೂ ಇಲ್ಲ. ವಸಂತದಲ್ಲಿ ಚಾಯೋ ಇರುವ ಗುಡಿಸಿಲು ಸಾಲನ್ನೂ ಕೆಡವಿ ಹೋಟೆಲಿಗೆ ಕಾರು ನಿಲ್ಲಿಸುವ ಜಾಗ ಮಾಡುತ್ತಾರೆ. ಅವಳು ಮಗಳ ಮನೆಗೆ ಹೊರಟಿದ್ದಾಳೆ, ಅದು ಮೂರನೇ ಮಹಡಿ. ತಳಿ ಉಳಿಸಲು ತುಂಡು ಕತ್ತರಿಸಿಡಲಾ ಎಂದು ಕೇಳಿದಳು. ನೆಡಲು ಅವಳಿಗೂ ನೆಲವಿಲ್ಲ, ನನಗೂ ಇಲ್ಲ.

ಇವತ್ತು ಅಷ್ಟನ್ನೂ ಕೊಯ್ದು ತಂದು ನಿನ್ನ ಸಮಾಧಿ ಕಲ್ಲಿನ ಮುಂದೆ ಇಟ್ಟಿದ್ದೇನೆ. ಕಂತೆ ಕಟ್ಟಿಲ್ಲ. ನೋಡಿ ಹೇಳು ಎಂದಿದ್ದೆಯಲ್ಲ, ಹೇಳುತ್ತಿದ್ದೇನೆ: ತಿರುಗಿತು ಇಸಾಮು. ಅಂಚು ಗುಲಾಬಿ ತಿರುಗಿತು.

ನಿನ್ನ ಕತ್ತಲಿಗೆ ಯಾರೂ ದೀಪ ಹಿಡಿಯದಿರಲಿ. ಹಾಯಾಗಿ ಮಲಗು.

ನಿನ್ನ ಪಾಲುದಾರ,
ರುಫಿನೋ