ಬೂದಿಯಲ್ಲಿ ಬರೆದ ಹೃದಯ

ಅಜ್ಜಂಪುರ
೧೪-೧-೧೯೭೯

ಚಿರಂಜೀವಿ ಓಂಕಾರಮೂರ್ತಿಗೆ ನಿನ್ನ ಅಕ್ಕ ಗುರುಶಾಂತಮ್ಮ ಮಾಡುವ ಆಶೀರ್ವಾದ. ನಿನ್ನ ಎರಡು ಕಾಗದವೂ ಬಂದವು. ಉತ್ತರ ತಡವಾಯಿತು, ತಪ್ಪು ತಿಳಿಯಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟಿಗೆ ಕಾಗದ ಹರಿದು ಒಲೆಗೆ ಹಾಕುತ್ತಿದ್ದೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಕಳಿಸುತ್ತಿದ್ದವಳು ಈ ಸಲ ಬೈಗುಳ ಕಳಿಸುತ್ತಿದ್ದೇನೆ.

“ಎರಡು ಏಟು ಹಾಕಿದ್ದಕ್ಕೆ ಮಗಳನ್ನು ಬಚ್ಚಿಟ್ಟುಕೊಂಡಿದ್ದೀಯ” ಎಂದು ಬರೆದಿದ್ದೀಯ. ಎರಡು ಏಟೇನೋ? ನಿಮ್ಮ ಪಕ್ಕದ ಮನೆಯ ಹಜೀರಾಬಿ ಬೀರೂರಿನಿಂದ ರೈಲಿನಲ್ಲಿ ಮಲ್ಲಿಕಾಂಬಳನ್ನು ಕರೆತಂದು ನನ್ನ ಜಗುಲಿಯ ಮೇಲೆ ಕೂರಿಸಿದಾಗ, ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ಬಿಡಿಸಿದೆ. ಬಟ್ಟೆಯ ಜೊತೆ ಚರ್ಮವೂ ಕಿತ್ತು ಬಂತು. ತಾಯಿಲ್ಲದ ಕೂಸು, “ಅತ್ತೆ, ಅಪ್ಪನ್ನ ಬೈಬೇಡ” ಅಂದಳು. ನಿನ್ನ ಕೈ ಸೇದಿಹೋಗ!

ಹಜೀರಾಬಿ ಹೇಳಿದಳು: “ನಿಮ್ ತಮ್ಮ ‘ಜೋರಾಗಿ ಓದೇ, ನಂಗೆ ಕೇಳ್ಬೇಕು’ ಅಂತ ಕಿರುಚ್ತಿದ್ರು ಕಣಮ್ಮ. ಆಮೇಲೆ ಬರೀ ದೊಣ್ಣೆ ಸದ್ದು. ಮಗು ಸದ್ದೇ ಇಲ್ಲ. ಸತ್ತೇ ಹೋಯ್ತೇನೋ ಅಂತ ಕದ ಒದ್ಕೊಂಡು ಒಳಗೆ ಹೋದೆ.” ಅಡ್ಡ ಬಂದ ಅವಳ ಭುಜಕ್ಕೂ ರೂಲುದೊಣ್ಣೆ ಬೀಸಿದೆಯಂತೆ. ಊರ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು ನೀನು, ಥೂ!

ಆ ಹುಡುಗಿ ಮಾಡಿದ ತಪ್ಪೇನು? ಗಟ್ಟಿಯಾಗಿ ಓದುವುದು ಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ನದಿಗಳನ್ನು ಬರೆಯುತ್ತಿದ್ದಳು. ನಿನ್ನ ಕಣ್ಣಿಗೆ ಅದು ಆಟ. ಮಠದ ಹಾಸ್ಟೆಲಿನಲ್ಲಿ ಬೆಳಗಿನ ಜಾವ ಸಾಲಾಗಿ ಕೂತು ಕೂಗಿದ್ದು ನಿನ್ನ ತಲೆಗೆ ಹತ್ತಿತು, ಮೇಷ್ಟ್ರಾದೆ. ಎಲ್ಲರಿಗೂ ಹಾಗೇ ಹತ್ತಬೇಕೆಂದು ಯಾವ ಶಾಸ್ತ್ರದಲ್ಲಿದೆ? ನನಗೆ ಮಗ್ಗಿ ಬಾಯಿಪಾಠ ಮಾಡಿಸಿ ಮಾಡಿಸಿ ಅಪ್ಪ ಸೋತ. ಹುಣಸೆಬೀಜ ಗುಂಪುಗುಂಪಾಗಿ ಜೋಡಿಸಿದ ಮೇಲೆ ತಾನಾಗಿ ಬಂತು.

ಮೊನ್ನೆ ನಾನೇ ಪರೀಕ್ಷೆ ಮಾಡಿದೆ. ವಿಜ್ಞಾನದ ಪಾಠ ಒಪ್ಪಿಸು ಎಂದರೆ ತಡವರಿಸಿದಳು, ಬೆವರಿದಳು, ಏಟು ಬೀಳುತ್ತದೆಂದು ತಲೆಗೆ ತೋಳು ಅಡ್ಡ ಹಿಡಿದಳು. ಒಲೆಯ ಬೂದಿ ತಂದು ನೆಲದ ಮೇಲೆ ಹರಡಿ, “ಇದ್ರಲ್ಲಿ ಬರಿಯೇ” ಅಂದೆ. ಹೃದಯದ ನಾಲ್ಕು ಕೋಣೆ ಬರೆದಳು. ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಬೆರಳಾಡಿಸುತ್ತ ಪೂರ್ತಿ ಹೇಳಿದಳು ಕಣೋ! “ಕೈ ಆಡಿದ್ರೆ ನಂಗೆ ನೆನಪಾಗುತ್ತೆ ಅತ್ತೆ” ಅಂದಳು. ಇಷ್ಟು ತಿಳಿಯಲು ನನಗೆ ಒಂದು ಬೊಗಸೆ ಬೂದಿ ಸಾಕಾಯಿತು.

“ಬಂದು ಜಡೆ ಹಿಡಿದು ಎಳೆದುಕೊಂಡು ಹೋಗುತ್ತೇನೆ” ಎಂದೂ ಬರೆದಿದ್ದೀಯ. ಬಾರಪ್ಪ. ಒನಕೆ ಬಾಗಿಲ ಹಿಂದೆಯೇ ಇದೆ. ಒಡಹುಟ್ಟಿದವನೆಂದು ನೋಡುವುದಿಲ್ಲ, ಮಂಡಿಚಿಪ್ಪು ಒಡೆದು ಕಳಿಸುತ್ತೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೀರೂರಿಗೆ ನಾನೇ ಕರೆತಂದು ಕೂರಿಸುತ್ತೇನೆ. ಅಲ್ಲಿಯವರೆಗೆ ಇಲ್ಲಿರುತ್ತಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ಗುರು ನಿನಗೆ ಆಯುಸ್ಸು ಕೊಡಲಿ, ಅದಕ್ಕೂ ಮೊದಲು ಬುದ್ಧಿ ಕೊಡಲಿ.

ನಿನ್ನ ಅಕ್ಕ
ಗುರುಶಾಂತಮ್ಮ

ವಿ.ಸೂ.: ಇದನ್ನು ಬರೆಯಕೂಡದೆಂದು ಮಲ್ಲಿ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿಯುತ್ತಿದ್ದೇನೆ. ನಿನ್ನ ದೊಣ್ಣೆಗೆ ಅವಳ ಬಲಗೈ ಬೆರಳುಗಳ ಗೆಣ್ಣುಗಳು ಪುಡಿಯಾಗಿವೆ. ತರೀಕೆರೆಯ ಡಾಕ್ಟರು, “ಇನ್ನು ಮಡಚೋಕೆ ಬರಲ್ಲಮ್ಮ” ಅಂದರು. ಎಡಗೈಯಲ್ಲಿ ಬರೆಯುವುದು ಕಲಿಯುತ್ತಿದ್ದಾಳೆ. ಬೂದಿಯಲ್ಲಿ ಬರೆದದ್ದೂ ಎಡಗೈಯಲ್ಲೇ. ಈ ಕವರಿನ ಮೇಲೆ ಸೊಟ್ಟಸೊಟ್ಟಗಿರುವ ವಿಳಾಸ ಅವಳದೇ. ಬರೀ ಹೆಸರು ಬರಿ ಸಾಕು ಎಂದರೂ ಕೇಳದೆ, ಮೊದಲು ಅಪ್ಪನಿಗೆ ಸಲ್ಲುವ ‘ತೀರ್ಥರೂಪು’ ಎಂದು ಬರೆದಿದ್ದಾಳೆ.