ಹಳೆಯ ಅಂಗಿ ತರಬೇಡ

ನನ್ನ ಬಾಯಿಬಡುಕಿ ತಂಗಿಗೆ,

ಅಂಗಿ ಕತ್ತರಿಸುವ ಕಾಗದದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ; ಈ ದರ್ಜಿ ಅಕ್ಕನ ಕೈಗೆ ನೆಟ್ಟಗೆ ಬರುವುದು ಹೊಲಿಗೆಯೊಂದೇ. ನೀನು ಊರು ಬಿಟ್ಟು ಎರಡು ವರ್ಷವಾಯಿತು. ಅಲ್ಲಿ ಮಾತ್ರೆ ನಿಲ್ಲಿಸಿದ್ದೀಯಂತೆ, ನಿನ್ನ ಗೆಳತಿ ಬಂದು ಹೇಳಿದಳು. ಅಂದಿನಿಂದ ಮಷಿನ್ನಿನ ಮುಂದೆ ಕೂತರೂ ಕಾಲು ಆಡುತ್ತಿಲ್ಲ.

ನೀನು ನಮ್ಮ ಬೀದಿಯಲ್ಲಿ ಗಿರಾಕಿಗಳಿಗಾಗಿ ನಿಲ್ಲುತ್ತಿದ್ದ ದಿನಗಳು ನೆನಪಾಗುತ್ತವೆ. ಪೊಲೀಸರು ಹೆಂಗಸರ ಚೀಲ ಸುರಿದು ನೋಡುತ್ತಿದ್ದರು. ಕಾಂಡೋಮ್ ಸಿಕ್ಕರೆ ಅದೇ ಸಾಕ್ಷಿ, ವ್ಯಾನು ಹತ್ತಲೇಬೇಕು. "ಇಟ್ಕೊಂಡು ಹೋಗೇ" ಎಂದು ನಾನು ಬೈದರೆ, "ಸ್ಟೇಷನ್ ಭಯ ಇವತ್ತಿಂದು ಅಕ್ಕ, ಕಾಯಿಲೆ ಭಯ ಯಾವತ್ತಿಂದೋ" ಅನ್ನುತ್ತಿದ್ದೆ. ಆಸ್ಪತ್ರೆಗೆ ಹೋಗೆಂದರೆ, ಅಲ್ಲಿನ ಗುಮಾಸ್ತ ಎಲ್ಲರೆದುರು ಗಂಡನ ಹೆಸರು ಕೇಳುತ್ತಾನೆಂದು ಮುಖ ತಿರುಗಿಸುತ್ತಿದ್ದೆ.

ನಾನು ಮಹಾ ಜಾಣೆಯಲ್ಲವೇ! ಕಾಂಡೋಮ್ ಬಚ್ಚಿಡಲೆಂದು ನಿನ್ನ ಅಂಗಿಯ ಒಳಗೆ, ಸೊಂಟದ ಹತ್ತಿರ, ಒಂದು ಕಳ್ಳಜೇಬು ಹೊಲಿದೆ. ತಮಗೂ ಬೇಕೆಂದು ಬೀದಿಯ ಹೆಂಗಸರೆಲ್ಲ ಮುಗಿಬಿದ್ದರು. ತಿಂಗಳೊಳಗೆ ಪೊಲೀಸರಿಗೆ ಗುಟ್ಟು ತಿಳಿಯಿತು. ಆಮೇಲೆ ಚೀಲ ಬಿಟ್ಟು ಸೊಂಟವನ್ನೇ ತಡಕತೊಡಗಿದರು. ನೀವೆಲ್ಲ ಮತ್ತೆ ಬರಿಗೈಯಲ್ಲಿ ಹೊರಟಿರಿ. ಆ ವರ್ಷವೇ ನಿನಗೆ ಎಚ್‌ಐವಿ ಇದೆಯೆಂದು ಗೊತ್ತಾಯಿತು.

ಅದಕ್ಕಿಂತ ದೊಡ್ಡ ತಪ್ಪು ನಾನು ಆಮೇಲೆ ಮಾಡಿದೆ. ನೀನು ಹೊಸ ನೀಲಿ ಬಟ್ಟೆ ತಂದು, ಅಳತೆಗೆಂದು ಎಂದಿನಂತೆ ಕೈ ಚಾಚಿ ನಿಂತೆ. ಟೇಪು ನನ್ನ ಕೊರಳಲ್ಲೇ ಇತ್ತು. "ಹಳೇ ಅಂಗಿ ಒಂದು ತಂದ್ಕೊಡು, ಅದರ ಅಳತೆಗೇ ಹೊಲೀತೀನಿ" ಅಂದುಬಿಟ್ಟೆ. ನಿನ್ನ ಮೊದಲ ಲಂಗಕ್ಕೆ ಅಳತೆ ತೆಗೆದ ಕೈ ಇದು! ನೀನು ಚಾಚಿದ ಕೈ ಇಳಿಸಿ, "ಟೇಪಿಗೂ ಅಂಟುತ್ತಾ ಅಕ್ಕ?" ಅಂದೆ. ಮರುದಿನ ನೀನಿರಲಿಲ್ಲ. ನನ್ನ ನಾಲಿಗೆ ಬಿದ್ದುಹೋಗಲಿ. ತಪ್ಪಾಯಿತು ಕಣೇ.

ಈಗ ಕೇಳು. ಕಳೆದ ವರ್ಷ ಬೀದಿಯ ಹೆಂಗಸರು ಸಂಘ ಕಟ್ಟಿದರು. ಮೂವತ್ತು ಜನ ಹಾಡಹಗಲೇ ಸ್ಟೇಷನ್ನಿಗೆ ಹೋದೆವು, ಜೊತೆಗೆ ನಾನೂ. ಕಳ್ಳಜೇಬಿನ ಅಂಗಿಯನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಹರಡಿ, "ಜೀವ ಉಳಿಸೋದನ್ನ ಹಿಂಗೆ ಬಚ್ಚಿಡ್ಬೇಕಾ ಸಾರ್?" ಎಂದು ಕೇಳಿದೆ. ಏಳು ಸಲ ಅಲೆದ ಮೇಲೆ ಲಿಖಿತ ಆದೇಶ ಬಂತು: ಕಾಂಡೋಮ್ ಸಿಕ್ಕಿತೆಂದು ಯಾರನ್ನೂ ಹಿಡಿಯುವಂತಿಲ್ಲ. ಅದನ್ನು ಮರೆಯುವ ಪೊಲೀಸರು ಈಗಲೂ ಇದ್ದಾರೆ. ಆಗ ಸಂಘದವರೆಲ್ಲ ಹೋಗಿ ಸ್ಟೇಷನ್ ಬಾಗಿಲಲ್ಲಿ ಕೂರುತ್ತಾರೆ. ಆಸ್ಪತ್ರೆಯವರನ್ನೂ ಬಿಡಲಿಲ್ಲ. ಈಗ ಪ್ರತಿ ಮಧ್ಯಾಹ್ನ ನನ್ನ ಅಂಗಡಿಯ ಮಹಡಿಯಲ್ಲೇ ಒಬ್ಬ ನರ್ಸ್ ಕೂರುತ್ತಾಳೆ. ಗಂಡನ ಹೆಸರು ಕೇಳುವುದಿಲ್ಲ.

ಅವಳಿಗೆ ಟೇಪಿನ ಕಥೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಮುಟ್ಟಿದರೆ ಬರುವುದಿಲ್ಲ, ಮಾತ್ರೆ ತಪ್ಪದೆ ನುಂಗಿದರೆ ನೀನೂ ನನ್ನ ಹಾಗೆ ಮುದುಕಿಯಾಗುವವರೆಗೆ ಬದುಕಬಹುದು ಎಂದಳು. "ನನಗಲ್ಲ, ಇದನ್ನೆಲ್ಲ ನಿಮ್ಮ ತಂಗಿಗೆ ಹೇಳಿ" ಅಂದಳು. ಅದಕ್ಕೇ ಈ ಕಾಗದ.

ಈಗ ಹೆಂಗಸರು ಹೊರಜೇಬು ಹೊಲಿಸಿಕೊಳ್ಳುತ್ತಾರೆ. ಅದಕ್ಕೆ ದೊಡ್ಡ ಕೆಂಪು ಗುಂಡಿಯೇ ಬೇಕಂತೆ, ದೂರಕ್ಕೆ ಕಾಣಬೇಕಂತೆ! ನಿನ್ನ ನೀಲಿ ಬಟ್ಟೆಗೆ ಇನ್ನೂ ಕತ್ತರಿ ಹಾಕಿಲ್ಲ, ಕಪಾಟಿನಲ್ಲೇ ಇದೆ. ಈ ಪತ್ರ ಕೈಸೇರಿದ ದಿನವೇ ಅಲ್ಲಿನ ಆಸ್ಪತ್ರೆಗೆ ಹೋಗಿ ಮಾತ್ರೆ ಮತ್ತೆ ಶುರು ಮಾಡು. ಆಮೇಲೆ ಬಸ್ಸು ಹತ್ತು. ಹಳೆಯ ಅಂಗಿ ತರಬೇಡ. ನೀನೇ ಬಂದು ಕೈ ಚಾಚಿ ನಿಲ್ಲು.

ನೂರು ಕಾಲ ಬಾಳು ತಂಗಿ, ನನ್ನ ಜೊತೆ ಜಗಳವಾಡಿಕೊಂಡೇ ಬಾಳು.

ಟೇಪು ಹಿಡಿದು ಕಾಯುತ್ತಿರುವ
ನಿನ್ನ ಅಕ್ಕ