ಐದು ಸಲ ಒತ್ತಿದರೆ ಅಕ್ಕ

ಜೂನ್ 4, ಬೆಳಿಗ್ಗೆ

ಮತ್ತೆ ಅದೇ ರಗಳೆ. ಫೋನ್ ತಾನಾಗಿಯೇ ಎದ್ದು ಕೂರುತ್ತದೆ, ತಾನಾಗಿಯೇ ಮಲಗುತ್ತದೆ. ಪಕ್ಕದ ಪವರ್ ಬಟನ್ ಒಳಗೆ ಸಿಕ್ಕಿಕೊಂಡಿದೆ. ಉಗುರಿನಿಂದ ಎಬ್ಬಿಸಿದರೆ ಟಕಟಕ ಎಂದು ಮೇಲೆ ಬರುತ್ತದೆ, ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಮತ್ತೆ ಶುರು. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಫ್ರೇಮಿನ ಸ್ಕ್ರೂ ಬಿಗಿಮಾಡುವವಳು ನಾನು. ದೀಪದ ಬುಡದಲ್ಲೇ ಕತ್ತಲೆ.

ಹೊಸದು ತಗೊಳ್ಳಿ ಎಂದರು ಅಂಗಡಿ ಯಜಮಾನರು. ಹಳೆಯದನ್ನೇ ರಿಪೇರಿ ಮಾಡಿಸಿ ಎಂದರು ಅವರ ಹೆಂಡತಿ. ಇಬ್ಬರಿಗೂ ಹೂಂ ಅಂದೆ.

ಜೂನ್ 4, ಸಂಜೆ

ಏನು ಬರೆಯಲಿ… ಮಧ್ಯಾಹ್ನ ಲೆನ್ಸ್ ಅಂಚು ಉಜ್ಜುತ್ತಿದ್ದೆ. ಮಷಿನ್ ಸದ್ದು. ಏಪ್ರನ್ ಜೇಬಿನಲ್ಲಿ ಫೋನ್ ಗುಂಯ್ ಅಂತು. ತೆಗೆದರೆ — ಅಕ್ಕ.

ಐದು ವರ್ಷದಿಂದ ಆ ಹೆಸರು ಪರದೆಯ ಮೇಲೆ ಬಂದಿರಲಿಲ್ಲ. ಯಾರೋ ಹೋಗಿಬಿಟ್ಟರು ಎಂದುಕೊಂಡೆ.

"ಏನಾಯ್ತು?" ನಾನು.

"ನಿನಗೇನಾಯ್ತು?" ಅಕ್ಕ.

"ನನಗೇನಾಗುತ್ತೆ?"

"ಮತ್ಯಾಕೆ ಅಪಾಯದಲ್ಲಿದ್ದೀನಿ, ಸಹಾಯ ಮಾಡಿ ಅಂತ ಮೆಸೇಜ್ ಹಾಕಿದ್ದೀಯ? ಎಲ್ಲಿದ್ದೀಯ ಅಂತ ಮ್ಯಾಪ್ ಬೇರೆ."

"ನಾನು ಹಾಕಿಲ್ಲ."

"ನಿನ್ನ ನಂಬರಿಂದಾನೇ ಬಂದಿದೆ ಕಣೆ." ಮಷಿನ್ ನಿಲ್ಲಿಸಿದೆ. ಅವಳೇ ಅಂದಳು, "ಸರಿ. ಚೆನ್ನಾಗಿದ್ದೀಯ ತಾನೆ?"

"ಇದ್ದೀನಿ."

"ಹಾಗಾದ್ರೆ ಸರಿ."

ಇಟ್ಟುಬಿಟ್ಟಳು. ಆಮೇಲೆ ಎಡಗಣ್ಣಿನ ಲೆನ್ಸನ್ನು ಬಲಗಡೆ ಕೂರಿಸಿ, ಬಿಚ್ಚಿ, ಮತ್ತೆ ಕೂರಿಸಿದೆ.

ಜೂನ್ 6

ರಸ್ತೆಯಾಚೆ ಮೊಬೈಲ್ ರಿಪೇರಿಯವನ ಬಳಿ ಹೋದೆ. ಊಟ ಮಾಡುವಾಗಲೂ ಕೈಯಲ್ಲಿ ಚಿಮಟ ಹಿಡಿದಿರುತ್ತಾನೆ, ಅದಕ್ಕೆ ನಾನಿಟ್ಟ ಹೆಸರು ಚಿಮಟ.

"ಈ ಬಟನ್ ಬೇಗ ಬೇಗ ಐದು ಸಲ ಒತ್ತಿದ್ರೆ ಮೆಸೇಜ್ ಹೋಗುತ್ತೆ ಮೇಡಂ. ತುರ್ತು ಸಹಾಯಕ್ಕೆ. ಇದು ಸಿಕ್ಕಿಕೊಂಡು ತಾನೇ ಒತ್ತಿಕೊಳ್ತಿದೆ. ಯಾರ ನಂಬರ್ ಕೊಟ್ಟಿದ್ದೀರಿ? … ಅಕ್ಕ ಅಂತಿದೆ."

ಫೋನ್ ಕೊಂಡದ್ದು ನಾನು ಗಂಡನ ಮನೆ ಬಿಟ್ಟು ಬಂದ ವಾರ. ತುರ್ತಿಗೆ ಯಾರ ನಂಬರ್ ಎಂದು ಕೇಳಿದಾಗ ಬಾಯಿಗೆ ಬಂದದ್ದು ಅವಳದೇ. ಅದಾದ ಎರಡು ದಿನಕ್ಕೆ ಅಕ್ಕ ಹೇಳಿದಳು, "ಸ್ವಲ್ಪ ಸಹಿಸ್ಕೊಂಡಿದ್ರೆ ಆಗ್ತಿತ್ತು." ಆ ಮಾತನ್ನು ನಾನು ನುಂಗಲಿಲ್ಲ, ಅವಳು ವಾಪಸ್ ತೆಗೆದುಕೊಳ್ಳಲಿಲ್ಲ. ಮಾತು ನಿಂತಿತು. ನಂಬರ್ ಮಾತ್ರ ಅಲ್ಲೇ ಉಳಿದಿದೆ. ನನಗೆ ಗೊತ್ತೇ ಇರಲಿಲ್ಲ.

"ಬಟನ್ ಬದಲಾಯಿಸ್ಬೇಕು. ಬಿಚ್ಚುವಾಗ ಪರದೆ ಒಡೆದ್ರೂ ಒಡೀಬಹುದು, ಗ್ಯಾರಂಟಿ ಕೊಡಲ್ಲ. ಇಲ್ಲಾಂದ್ರೆ ಮೆಸೇಜ್ ಹೋಗೋದನ್ನ ಆಫ್ ಮಾಡಿಬಿಡ್ಲಾ? ಒಂದು ನಿಮಿಷದ ಕೆಲಸ."

"ಬೇಡ," ಎಂದೆ.

ತಲೆಯಾಡಿಸಿದ. ಒಂಟಿ ಹೆಂಗಸು, ಇರಲಿ ಪಾಪ ಎಂದುಕೊಂಡಿರಬೇಕು. ಹಾಗೆಯೇ ತಿಳಿದುಕೊಳ್ಳಲಿ. ಯಾಕೆ ಬೇಡ ಎಂದೆನೋ ನನಗೇ ಗೊತ್ತಿಲ್ಲ.

ಜೂನ್ 11

ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದೆ, ಫೋನ್ ಕೋಣೆಯಲ್ಲಿ. ಕೆಳಗಿಳಿದು ಬಂದರೆ ನನ್ನ ಬಾಗಿಲ ಮುಂದೆ, ಮೆಟ್ಟಿಲ ಮೇಲೆ, ಮೊಣಕಾಲು ಹಿಡಿದು ಕೂತಿದ್ದಾಳೆ ಅಕ್ಕ. ಮೂರು ಮಹಡಿ. ಲಿಫ್ಟ್ ಇಲ್ಲ. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ.

"ಮತ್ತೆ ಆ ಮೆಸೇಜ್ ಬಂತು. ನೀನು ಫೋನ್ ಎತ್ತಲಿಲ್ಲ," ಎಂದಳು. ಬೈದ ಹಾಗಿತ್ತು.

ಬಟನ್ ವಿಷಯ ಹೇಳಿದೆ. ನಗಲಿಲ್ಲ. ಟೀ ಕುಡಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. "ಇರೋದು ಒಂದೇ ಕುರ್ಚೀನಾ?" ಎಂದಳು, ಅದರಲ್ಲಿ ಕೂತುಕೊಂಡು. ಫ್ಯಾನ್ ಸದ್ದು ಮಾಡುತ್ತದೆ ಎಂದಳು. ಹೊರಡುವಾಗ, "ಆ ಬಟನ್ ರಿಪೇರಿ ಮಾಡಿಸ್ಕೋ."

ಮಾಡಿಸ್ಕೋ ಎಂದರೆ, ನಿನ್ನ ಒಳ್ಳೆಯದಕ್ಕೆ ಎಂದೋ? ಇನ್ನು ನನ್ನನ್ನು ಓಡಾಡಿಸಬೇಡ ಎಂದೋ? ಅವಳ ದನಿಯಲ್ಲಿ ಎರಡೂ ಇತ್ತು. ಅಥವಾ ಯಾವುದೂ ಇರಲಿಲ್ಲ.

ಜೂನ್ 19

ಸಂಜೆ ಮತ್ತೆ ಮೆಸೇಜ್ ಹೋಗಿದೆ. ಮತ್ತೆ ಬಂದಳು. ಕಂಕುಳಲ್ಲಿ ಮಡಚುವ ಕುರ್ಚಿ.

ಅಪಾಯದಲ್ಲಿರುವವಳನ್ನು ನೋಡಲು ಬರುವವರು ಕುರ್ಚಿ ಹೊತ್ತು ಬರುತ್ತಾರೆಯೇ? ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಕೇಳಿದರೆ ಕುರ್ಚಿ ವಾಪಸ್ ಹೊತ್ತುಕೊಂಡು ಹೋದಾಳು, ಅವಳ ಬುದ್ಧಿ ನನಗೆ ಗೊತ್ತಿಲ್ಲವೇ. ಎದುರುಬದುರು ಕೂತೆವು. ಅವಳ ಮಗಳ ಕೆಲಸ, ಹಲ್ಲುನೋವು, ಪಕ್ಕದ ಮನೆಯವರ ನಾಯಿ. ಆ ಹಳೆಯ ಮಾತಿನ ಸುತ್ತಲೂ ಇಬ್ಬರೂ ಹುಷಾರಾಗಿ ನಡೆದಾಡಿದೆವು.

ಅವಳು ಹೋದ ಮೇಲೆ ಕೋಣೆ ಚಿಕ್ಕದಾಯಿತು. ಕುರ್ಚಿಯಿಂದಲೋ ಏನೋ.

ಜೂನ್ 26

ಬಟನ್ ವಾರದಿಂದ ತೆಪ್ಪಗಿದೆ. ಬೇಡವಾದಾಗ ಕುಣಿಯುತ್ತದೆ, ಬೇಕಾದಾಗ ಮೌನವ್ರತ.

ಬೆರಳಿಟ್ಟೆ. ನಾಲ್ಕು ಸಲ ಒತ್ತಿದೆ. ಐದನೆಯದಕ್ಕೆ ನಾಚಿಕೆಯಾಯಿತು. ಈ ವಯಸ್ಸಿಗೆ ಇದೇನು ನಾಟಕ… ಅಕ್ಕನ ಜೊತೆ ಮಾತಾಡಬೇಕೆಂದರೆ ಫೋನ್ ಮಾಡಬಹುದಲ್ಲ. ಮಾಡಿ ಏನು ಹೇಳಲಿ? ಬಟನ್ ಕೆಟ್ಟಿದೆ ಎನ್ನಬಹುದು. ಕೆಟ್ಟಿಲ್ಲವೆಂದರೆ ಹೇಳಲು ಏನೂ ಇಲ್ಲ.

ಜುಲೈ 1

ಬಸ್ಸಿನಲ್ಲಿ ನೂಕುನುಗ್ಗಲು. ಬ್ಯಾಗಿನೊಳಗೆ ಅದು ಯಾವಾಗ ಒತ್ತಿಕೊಂಡಿತೋ. ಇಳಿಯುವಷ್ಟರಲ್ಲಿ ಅಕ್ಕನ ಮಗಳ ಫೋನ್.

"ಚಿಕ್ಕಮ್ಮ, ಅಮ್ಮ ಬಿದ್ಲು. ನಿಮ್ಮ ಮೆಸೇಜ್ ನೋಡಿ ಗಡಿಬಿಡೀಲಿ ಮೆಟ್ಟಿಲಿಳಿಯೋಕೆ ಹೋಗಿ. ಏನೂ ಮುರಿದಿಲ್ಲ, ಪಾದ ಊದಿಕೊಂಡಿದೆ."

"ಬರ್ತೀನಿ, ಈಗಲೇ—"

"ಬೇಡ, ಈಗಷ್ಟೇ ಮಲಗಿದಾಳೆ. ಚಿಕ್ಕಮ್ಮ… ಆ ಫೋನ್ ಒಂದು ಸರಿ ಮಾಡಿಸಿಬಿಡಿ, ದಯವಿಟ್ಟು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಇಲ್ಲಿ ಕೂತು ಬರುತ್ತಾಳೋ ಇಲ್ಲವೋ ಎಂದು ಎಣಿಸುತ್ತಿದ್ದೆ. ಅವಳು ಪ್ರತಿ ಸಲವೂ ನಾನು ಸತ್ತೆನೆಂದೇ ಹೆದರಿ ಓಡಿದ್ದಾಳೆ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಜುಲೈ 2

ಮಾಡಿಸಿದೆ. ಪರದೆ ಒಡೆಯಲಿಲ್ಲ. ಒಡೆಯಲಿ ಎಂದು ಒಳಗೊಳಗೇ ಬೇಡಿಕೊಂಡೆನೋ ಏನೋ.

"ಒತ್ತಿ ನೋಡಿ ಮೇಡಂ. ಬೆಣ್ಣೆ ತರ ಇದೆ."

"ಮೆಸೇಜ್ ಹೋಗೋದನ್ನೂ ಆಫ್ ಮಾಡಿಬಿಡಿ."

"ಅವತ್ತು ಬೇಡ ಅಂದ್ರಿ?"

"ಇವತ್ತು ಬೇಕು."

ಅಕ್ಕನಿಗೆ ತಿಳಿಸಲಿಲ್ಲ, ಅವಳ ಮಗಳಿಗೂ ಇಲ್ಲ. 'ರಿಪೇರಿ ಆಯ್ತು' ಎಂದು ಟೈಪ್ ಮಾಡಿದೆ. ಇನ್ನು ಬರಬೇಡ ಎಂದ ಹಾಗೆ ಕಂಡಿತು. ಅಳಿಸಿದೆ. ಪಾದ ಹೇಗಿದೆ ಎಂದಷ್ಟೇ ಕೇಳಿದೆ. 'ಪರವಾಗಿಲ್ಲ' ಎಂದು ಬಂತು. ಮುಂದಕ್ಕೆ ಏನೂ ಇಲ್ಲ.

ಜುಲೈ 9

ಫೋನ್ ಸರಿಯಿದೆ. ಒತ್ತಿದಾಗ ಏಳುತ್ತದೆ, ಒತ್ತಿದಾಗ ಮಲಗುತ್ತದೆ. ಯಾರೂ ಫೋನ್ ಮಾಡುವುದಿಲ್ಲ. ಮಡಚುವ ಕುರ್ಚಿಯ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿದ್ದೇನೆ. ಅಕ್ಕ ಬೇಕು ಅನಿಸುತ್ತದೆ. ಬರೆದೇಬಿಟ್ಟೆ, ಯಾರು ಓದುತ್ತಾರೆ.

ಜುಲೈ 14, ಬೆಳಿಗ್ಗೆ

ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಟೀಗೆ ಇಟ್ಟ ಹಾಲು ಇನ್ನೂ ಬಿಸಿಯಾಗಿಲ್ಲ.

ಬಾಗಿಲು ಬಡಿದ ಸದ್ದು. ತೆಗೆದರೆ ಅಕ್ಕ. ಪಾದಕ್ಕೆ ಪಟ್ಟಿ ಸುತ್ತಿದೆ, ಒಂದು ಕೈ ಗೋಡೆಯ ಮೇಲೆ. ಉಸಿರು ಮೇಲೆ ಕೆಳಗೆ.

"ಮತ್ತೆ ಆ ಹಾಳು ಮೆಸೇಜ್ ಬಂತು ಕಣೆ," ಎಂದಳು.

ನನಗೆ ತಲೆಯೇ ತಿರುಗಿತು. ಚಿಮಟ ಮೋಸ ಮಾಡಿದನೇ? ಬಟನ್ ಬೆಣ್ಣೆ ಅಂದನಲ್ಲ. ಆಫ್ ಕೂಡ ಮಾಡಿಸಿದ್ದೆನಲ್ಲ. ಅಕ್ಕ ಮುಖ ತೊಳೆಯಲು ಹೋದಾಗ ಫೋನ್ ತೆಗೆದು ನೋಡಿದೆ. ಅಪಾಯದ ಮೆಸೇಜು ಕೊನೆಯದಾಗಿ ಹೋದದ್ದು ಜುಲೈ ಒಂದಕ್ಕೆ. ಆಮೇಲೆ ಒಂದೂ ಇಲ್ಲ. ಎರಡು ಸಲ ನೋಡಿದೆ, ಕನ್ನಡಕ ಒರೆಸಿಕೊಂಡು ಮೂರನೇ ಸಲ ನೋಡಿದೆ.

ಅಕ್ಕ ಬಂದು ಬಟ್ಟೆ ಎತ್ತಿಟ್ಟು ಕೂತಳು. ನನ್ನ ಮುಖ ನೋಡಲಿಲ್ಲ, ಫ್ಯಾನ್ ನೋಡುತ್ತಿದ್ದಳು.

"ಇನ್ನೂ ರಿಪೇರಿ ಮಾಡಿಸಿಲ್ವಾ?"

"ಇಲ್ಲ," ಎಂದೆ. "ಆ ಮಾಡೆಲ್ ಬಟನ್ ಸಿಗ್ತಾ ಇಲ್ವಂತೆ."

"ಹೂಂ. ಸಿಕ್ಕಾಗ ಸಿಗಲಿ ಬಿಡು. ಅವಸರ ಏನಿದೆ?"

ಟೀ ಇಡುತ್ತೇನೆಂದು ಒಳಗೆ ಬಂದೆ. ಕಣ್ಣು ಮಂಜಾಗಿದೆ, ಅಕ್ಷರ ಸೊಟ್ಟಗೆ ಹೋಗುತ್ತಿವೆ. ಊದಿದ ಕಾಲಲ್ಲಿ ಮೂರು ಮಹಡಿ. ಹೇಳಿಬಿಡಲೇ, ಬೇಡವೇ… ಹೇಳಿದರೆ ಅವಳಿಗೆ ಅವಮಾನ. ಹೇಳದಿದ್ದರೆ ಇನ್ನೆಷ್ಟು ಸಲ ಹೀಗೆ ಹತ್ತುತ್ತಾಳೆ?

ಹಾಲು ಉಕ್ಕಿತು. ಅಕ್ಕ ಕರೆಯುತ್ತಿದ್ದಾಳೆ.

"ಟೀ ಆಮೇಲೆ ಮಾಡುವಂತೆ. ಬಾ ಇಲ್ಲಿ. ಅವತ್ತು ನಾನಂದ ಮಾತಿದೆಯಲ್ಲ, ಅದು—"

ಹೋಗಬೇಕು.